ಮಂಗಳವಾರದ ಕಾಲು, ಗುರುವಾರದ ಕಾಲು

ಮೊನ್ನೆ ಇಂದಿರಾನಗರದ ಒಂದು ಕಂಪನಿಯವರು ನನ್ನನ್ನು ಮಾತಾಡಲು ಕರೆದಿದ್ದರು. ಔಷಧಿಗಳ ಟ್ರಯಲ್‌ಗಳ ಲೆಕ್ಕ ನೋಡುವ ಮಕ್ಕಳು. ನನಗೆ ಮೊಮ್ಮಕ್ಕಳಿದ್ದಿದ್ದರೆ ಇವರ ವಯಸ್ಸೇ ಇರುತ್ತಿತ್ತೇನೋ. ಏಸಿ ಎಷ್ಟು ಜೋರಾಗಿತ್ತೆಂದರೆ ಸೆರಗು ಹೊದ್ದು ಕೂತಿದ್ದೆ. ಒಬ್ಬಳು ಚುರುಕಾದ ಹುಡುಗಿ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು.

"ನೋಡಿ ಆಂಟಿ, ರಿಸಲ್ಟ್ ಬಂದ್ಬಿಡ್ತು. ಪಿ-ವ್ಯಾಲ್ಯೂ ಸೂಪರ್ ಆಗಿದೆ. ಮುಗೀತು!"

"ಇವರೆಲ್ಲ ಯಾರಮ್ಮ?" ಎಂದೆ.

"ಯಾರು ಆಂಟಿ?"

"ಈ ಪೇಷಂಟ್ಸು. ಎಲ್ಲಿಯವರು, ಆಸ್ಪತ್ರೆಗೆ ಹೇಗೆ ಬಂದ್ರು, ಯಾವತ್ತು ಬಂದ್ರು?"

"ಅದೆಲ್ಲ ನಮಗೆ ಬರಲ್ಲ ಆಂಟಿ. ನಮಗೆ ಬರೋದು ಬರೀ ಐಡಿ ನಂಬರ್."

ನನಗೆ ಶಾಕ್ ಆಯಿತು. ಹುಡುಗಿಯದೇನೂ ತಪ್ಪಿಲ್ಲ, ಪಾಪ. ಅವಳಿಗೆ ಕೊಟ್ಟ ಕೆಲಸವನ್ನು ಅವಳು ನೀಟಾಗಿ ಮಾಡಿದ್ದಳು. ಆದರೆ ಆಟೋದಲ್ಲಿ ಹಲಸೂರಿಗೆ ಮರಳುವಾಗ ಅವಳ ಮಾತೇ ಕಿವಿಯಲ್ಲಿತ್ತು. ಯಾವತ್ತು ಬಂದರು ಎಂಬ ಒಂದು ಸಣ್ಣ ಪ್ರಶ್ನೆಯನ್ನು ಕೇಳದೆ ನಾವು ಏನು ಮಾಡಿಬಿಡುತ್ತಿದ್ದೆವು ಎಂದು ನೆನಪಾಯಿತು. ಆ ಹುಡುಗಿಗೂ ಅವಳ ಜೊತೆಯವರಿಗೂ ಅಂತಲೇ ಇದನ್ನು ಬರೆಯುತ್ತಿದ್ದೇನೆ. ನನ್ನದು ಕಾನ್ವೆಂಟ್ ಕನ್ನಡ. ಸಿಸ್ಟರ್‌ಗಳು ಕಾರಿಡಾರಿನಲ್ಲಿ ಕನ್ನಡ ಮಾತಾಡಿದರೆ ಫೈನ್ ಹಾಕುತ್ತಿದ್ದರು. ಹಾಗಾಗಿ ಮಧ್ಯೆ ಮಧ್ಯೆ ಇಂಗ್ಲಿಷ್ ನುಗ್ಗುತ್ತದೆ, ಸಹಿಸಿಕೊಳ್ಳಿ.

ನಾನು ಕಂಟೋನ್ಮೆಂಟಿನ ಒಂದು ಧರ್ಮಾಸ್ಪತ್ರೆಯ ರಿಸರ್ಚ್ ಸೆಲ್‌ನಲ್ಲಿ ಸ್ಟ್ಯಾಟಿಸ್ಟಿಷಿಯನ್ ಆಗಿದ್ದವಳು. ಸೆಲ್ ಎಂದರೆ ದೊಡ್ಡದೇನೂ ಅಲ್ಲ. ಹೊರರೋಗಿ ವಿಭಾಗದ ಹಿಂದೆ ಒಂದು ರೂಮು, ಒಂದು ಮೇಜು, ಹಿಡಿ ತಿರುಗಿಸಿ ಲೆಕ್ಕ ಮಾಡುವ ಒಂದು ಕಬ್ಬಿಣದ ಮೆಷಿನ್ನು. ಭಾಗಾಕಾರ ಮುಗಿದಾಗ ಅದು ಗಂಟೆ ಹೊಡೆಯುತ್ತಿತ್ತು. ಆ ಗಂಟೆ ಕೇಳಿದರೆ ಡಾಕ್ಟರುಗಳು ಬಾಗಿಲಲ್ಲಿ ಇಣುಕಿ, "ಏನಾಯ್ತು ಮಿಸ್, ನಾವು ಪಾಸಾ?" ಎಂದು ಕೇಳುತ್ತಿದ್ದರು. ಆಮೇಲೆ ಕ್ಯಾಲ್ಕುಲೇಟರ್ ಬಂತು, ಕಂಪ್ಯೂಟರ್ ಬಂತು, ಗಂಟೆ ನಿಂತಿತು. ಅದರ ಸದ್ದು ನನಗೆ ಈಗಲೂ ಬೇಕೆನಿಸುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲೇ ಒಂದು ಪಾಠವಾಯಿತು. ಬೆನ್ನುನೋವಿಗೆ ಹೊಸದೊಂದು ಚಿಕಿತ್ಸೆ ಕೊಟ್ಟು, "ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹೇಳಿ" ಎಂದು ಪೇಷಂಟುಗಳನ್ನು ಕೇಳುತ್ತಿದ್ದೆವು. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾರದ ನೋವು. ಬಂದ ಅಂಕಿಗಳನ್ನು ನೋಡಿ ನಾನು ಹೆದರಿಬಿಟ್ಟೆ. ಚಿಕಿತ್ಸೆಯ ನಂತರ ಎಷ್ಟೋ ಜನ ಹತ್ತು ಎಂದಿದ್ದರು. ರೂಮು ಬಿಟ್ಟು ಹೊರಗೆ ಬಂದು ನೋಡಿದರೆ, ಆಗಷ್ಟೇ ಹತ್ತು ಎಂದು ಹೇಳಿದ್ದ ಶಿವಾಜಿನಗರದ ಒಬ್ಬ ಮುದುಕ ದರ್ಜಿ ಬೆಂಚಿನ ಮೇಲೆ ಕೂತು ನಗುತ್ತಿದ್ದಾರೆ.

"ಚಾಚಾ, ಅಷ್ಟೊಂದು ನೋವಾ?"

"ನೋವು ಎಲ್ಲಿ ಐತೆ ಬೇಟಿ? ಪೂರಾ ಹೋಯ್ತು. ಡಾಕ್ಟರ್ ಸಾಬ್ ಮಾರ್ಕ್ಸ್ ಕೇಳಿದ್ರು. ಹತ್ತಕ್ಕೆ ಹತ್ತು ಕೊಟ್ಬಿಟ್ಟೆ!"

ಅವತ್ತಿನಿಂದ, ಹತ್ತು ಎಂದರೆ ಏನು ಎಂಬುದನ್ನು ಮೊದಲು ಪೇಷಂಟಿನ ಬಾಯಲ್ಲೇ ಹೇಳಿಸಿ ಆಮೇಲೆ ನೋವು ಕೇಳುವ ರೂಲ್ ಮಾಡಿದೆವು. ನಕ್ಕು ಮರೆತೂಬಿಟ್ಟೆವು. ನಾನು ಹೇಳಲು ಹೊರಟಿರುವ ವಿಷಯದಲ್ಲಿ ನಗುವುದಕ್ಕೆ ಹೆಚ್ಚೇನೂ ಇಲ್ಲ.

ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ನೋಡುತ್ತಿದ್ದವರು ಡಾಕ್ಟರ್ ಸ್ಯಾಮ್ಯುಯೆಲ್. ಹುಟ್ಟಿ ಬೆಳೆದದ್ದೆಲ್ಲ ಕಂಟೋನ್ಮೆಂಟಿನಲ್ಲೇ. ಮನೆಮಾತು ತಮಿಳು. ಕನ್ನಡವನ್ನು ಬಹಳ ಪ್ರೀತಿಯಿಂದ ಕೊಲ್ಲುತ್ತಿದ್ದರು. ಅಂಗಾಲಿನಲ್ಲಿ ಸ್ಪರ್ಶವಿಲ್ಲದ ಕಾರಣ ಅಂಥ ಪೇಷಂಟುಗಳಿಗೆ ಗಾಯವಾದದ್ದೇ ತಿಳಿಯುವುದಿಲ್ಲ. ಅದರ ಮೇಲೆಯೇ ನಡೆಯುತ್ತಾರೆ, ಗಾಯ ಆಳವಾಗುತ್ತದೆ, ಕೊನೆಗೆ ಕಾಲು ಕತ್ತರಿಸಬೇಕಾಗುತ್ತದೆ. ದಿನಾ ಡ್ರೆಸ್ಸಿಂಗ್ ಮಾಡಿ ಮಂಚದಿಂದ ಇಳಿಯಬೇಡಿ ಎನ್ನುವುದು ಹಳೆಯ ಪದ್ಧತಿ. ಡಾಕ್ಟರ್ ಸ್ಯಾಮ್ಯುಯೆಲ್‌ಗೆ ಬೇರೆ ಆಸೆಯಿತ್ತು. ಬೆರಳಿನಿಂದ ಮಂಡಿಯ ಕೆಳಗಿನವರೆಗೆ ಬೂಟಿನ ಹಾಗೆ ಪ್ಲಾಸ್ಟರ್ ಕಟ್ಟಿ, ಗಾಯದ ಮೇಲೆ ಭಾರ ಬೀಳದಂತೆ ಮಾಡಿ, ಆರಾಮಾಗಿ ನಡೆದಾಡಿ ಎನ್ನುವುದು.

ಯಾವುದು ಮೇಲು ಎಂದು ತಿಳಿಯಬೇಕಲ್ಲ? ಕಾಲಿನ ಕ್ಲಿನಿಕ್ ನಡೆಯುತ್ತಿದ್ದದ್ದು ಮಂಗಳವಾರ ಮತ್ತು ಗುರುವಾರ. ಪ್ಲಾಸ್ಟರ್ ಕಟ್ಟುವವರು ಬೇರೆ ಆಸ್ಪತ್ರೆಯಿಂದ ಮಂಗಳವಾರ ಮಾತ್ರ ಬರುತ್ತಿದ್ದರು. ಹಾಗಾಗಿ, ನಾನು ಸೆಲ್‌ಗೆ ಸೇರುವ ಮೊದಲೇ ಒಂದು ಏರ್ಪಾಡಾಗಿತ್ತು. ಮಂಗಳವಾರ ಮೊದಲ ಸಲ ಬಂದವರಿಗೆ ಬೂಟು, ಗುರುವಾರ ಬಂದವರಿಗೆ ಡ್ರೆಸ್ಸಿಂಗ್. ಯಾರನ್ನೂ ಯಾರೂ ಆರಿಸುವಂತಿಲ್ಲ, ದಿನವೇ ಆರಿಸುತ್ತದೆ. ಕೇಳಿದರೆ ಬಹಳ ಫೇರ್ ಅನ್ನಿಸುತ್ತದೆ ಅಲ್ಲವಾ? ನನಗೂ ಅನ್ನಿಸಿತ್ತು.

ಲೆಕ್ಕ ನನ್ನ ಕೈಗೆ ಬಂತು. ಹಿಡಿ ತಿರುಗಿಸಿದೆ. ಗಂಟೆ ಹೊಡೆಯಿತು. ಬೂಟು ಹಾಕಿದವರಲ್ಲೇ ಹೆಚ್ಚು ಕಾಲುಗಳು ಹೋಗಿದ್ದವು. ಸ್ವಲ್ಪ ಹೆಚ್ಚಲ್ಲ, ಬಹಳ ಹೆಚ್ಚು. ಎರಡು ಚಿಕಿತ್ಸೆಗೂ ನಿಜವಾಗಿ ಭೇದವೇ ಇಲ್ಲದಿದ್ದರೆ ಇಂಥ ಫಲ ಬರುವುದು ಎಷ್ಟು ಅಪರೂಪ ಎಂದು ತಿಳಿಸುವ ಅಂಕಿಯೇ ಈ ಪಿ-ವ್ಯಾಲ್ಯೂ. ಬಹಳ ಅಪರೂಪ ಎಂದಿತು ಅದು. ಮತ್ತೆ ತಿರುಗಿಸಿದೆ. ಅದೇ ಬಂತು.

ಡಾಕ್ಟರ್ ಸ್ಯಾಮ್ಯುಯೆಲ್ ಕುರ್ಚಿಯ ಬೆನ್ನು ಹಿಡಿದು ನಿಂತರು.

"ನಾನೇ ಕತ್ತರಿಸಿದೆನಾ ರೋಹಿಣಿಯಮ್ಮಾ? ಅಷ್ಟು ಕಾಲೂ?"

ಲೆಕ್ಕದ ಹಾಳೆಯನ್ನು ಅವರ ಕಡೆ ತಿರುಗಿಸಿದೆ. ಆಸ್ಪತ್ರೆಯ ರಿಸರ್ಚ್ ಕಮಿಟಿ ಮುಂದೆ ಸೇರಿದಾಗ ಬೂಟನ್ನು ನಿಲ್ಲಿಸಿಬಿಡುವುದೆಂದು ಅವರೇ ನಿರ್ಧರಿಸಿದರು. ಅಲ್ಲಿಯವರೆಗೆ ಸ್ಟಡಿಗೆ ಹೊಸಬರನ್ನು ಸೇರಿಸಿಕೊಳ್ಳುವುದು ಬೇಡ ಎಂದರು.

ಅದೇ ವಾರ ನನ್ನ ದೊಡ್ಡಮ್ಮನ ಅಂಗಾಲಿನಲ್ಲಿ ಗಾಯ ಕಂಡಿತು. ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ, ಪಿಳ್ಳಮ್ಮ. ಅವಳಿಗೂ ಸಕ್ಕರೆ ಕಾಯಿಲೆಯಿತ್ತು. ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಬರಿಗಾಲಲ್ಲಿ ರಾಗಿ ಹೊಲ ಮಾಡಿಸಿದವಳು. ಗಂಡ ತೀರಿಕೊಂಡು, ಹೊಲಗಳು ಸೈಟುಗಳಾದ ಮೇಲೆ ಹಲಸೂರಿನ ನಮ್ಮ ಮನೆಗೆ ಬಂದಿದ್ದಳು. ಅಮ್ಮ ಹೋದ ಮೇಲೆ ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ನಾನು ಚರ್ಚ್ ಸ್ಟ್ರೀಟಿನಿಂದ ಕೇಕ್ ತಂದರೆ ಮೊಟ್ಟೆ ಹಾಕಿದ್ದಾರೇನೇ ಎಂದು ಕೇಳಿ, ನಾನು ಇಲ್ಲ ಎನ್ನುವವರೆಗೆ ಕಾದು ಆಮೇಲೆ ತಿನ್ನುವವಳು. ಹಾಕಿರುತ್ತಾರೆಂದು ಇಬ್ಬರಿಗೂ ಗೊತ್ತು.

ಸೋಮವಾರ ಸಂಜೆ ಜಗಲಿಯ ಮೇಲೆ ಕೂತು ಅರಿಶಿನ ಒತ್ತುತ್ತಿದ್ದಳು. ನೋಡಿ ಹೌಹಾರಿದೆ.

"ದೊಡ್ಡಮ್ಮ! ಎಷ್ಟು ದಿನದಿಂದ ಇದು?"

"ಚಪ್ಪಲಿ ಕಚ್ಚಿರ್ಬೇಕು ಬಿಡೇ. ನೋವೇನಿಲ್ಲ."

"ನೋವಿಲ್ಲ ಅನ್ನೋದೇ ಕಷ್ಟ. ಆಸ್ಪತ್ರೆಗೆ ಹೋಗೋಣ."

"ನಾಳೆ ಮಂಗಳವಾರ ಕಣೇ ಅಮ್ಮಣ್ಣಿ. ಗುರುವಾರ ಹೋಗೋಣ."

ಕಾಲೇಜು ದಿನಗಳಿಂದಲೂ ಅವಳ ಮಂಗಳವಾರಗಳನ್ನು ನಾನು ಗೇಲಿ ಮಾಡಿದವಳು. ಮಂಗಳವಾರ ಹೊಸ ಸೀರೆ ಉಡಬಾರದು, ಉಗುರು ತೆಗೆಯಬಾರದು, ಔಷಧಿ ಶುರು ಮಾಡಬಾರದು. ಆ ಸಲ ಮಾತ್ರ ಬಾಯಿ ಮುಚ್ಚಿಕೊಂಡೆ. ನನ್ನ ಅಂಕಿಯ ಪ್ರಕಾರ ಮಂಗಳವಾರ ಅಪಾಯದ ದಿನ, ಅವಳ ಪಂಚಾಂಗದ ಪ್ರಕಾರವೂ ಅಪಾಯದ ದಿನ. ಜೀವನದಲ್ಲಿ ಮೊದಲ ಸಲ ನಾವಿಬ್ಬರೂ ಒಪ್ಪಿದೆವು.

ಗುರುವಾರ ಬಸ್ಸಿನಲ್ಲಿ ಹೊರಟೆವು. ಶಿವಾಜಿನಗರದ ಬಸ್ ಸ್ಟ್ಯಾಂಡಿಗೆ ಸ್ವಲ್ಪ ಮೊದಲು, ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ, ಮಾತಿಗೆ ಮಾತು ಸೇರಿಸಲೆಂದು ಕೇಳಿದೆ.

"ಅಲ್ಲ ದೊಡ್ಡಮ್ಮ, ಮಂಗಳವಾರವೂ ಆಸ್ಪತ್ರೆ ತೆಗ್ದೇ ಇರುತ್ತೆ. ಜನ ಬರ್ತಾನೇ ಇರ್ತಾರಲ್ಲ?"

"ಬರ್ತಾರೆ, ಬರ್ದೆ ಏನ್ಮಾಡ್ತಾರೆ? ಕಾಲು ಕೊಳ್ತು, ಜ್ವರ ಏರಿ, ಇನ್ನು ಒಂದು ದಿನ ತಡ್ಯಕ್ಕಾಗಲ್ಲ ಅನ್ನೋರು ಬರ್ತಾರೆ. ನನ್ನಂಗೆ ಸಣ್ಣ ಗಾಯದೋರು ಯಾಕೇ ಬರ್ತಾರೆ ಮಂಗಳವಾರ?"

ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ.

"ಏನಾಯ್ತೇ? ತಲೆ ಸುತ್ತಾ?"

ನಮ್ಮ ಪೇಷಂಟುಗಳಲ್ಲಿ ಮುಕ್ಕಾಲು ಪಾಲು ಹಲಸೂರು, ಕಗ್ಗದಾಸಪುರ, ಕೆ.ಆರ್. ಪುರದ ಕಡೆಯ ಹಳೆಯ ಹಳ್ಳಿಗಳ ಮನೆಯವರು. ಎಲ್ಲ ಮನೆಯಲ್ಲೂ ಒಬ್ಬಳು ಪಿಳ್ಳಮ್ಮ. ಸಣ್ಣ ಗಾಯದವರು ಗುರುವಾರಕ್ಕೆ ಕಾದರು, ಡ್ರೆಸ್ಸಿಂಗ್‌ಗೆ ಸೇರಿದರು. ಆಗಲೇ ಕೆಟ್ಟುಹೋಗಿದ್ದ ಕಾಲುಗಳು ಮಂಗಳವಾರ ಬಂದವು, ಬೂಟಿಗೆ ಸೇರಿದವು. ಹಾಗಾದರೆ ಬೂಟು ಯಾವ ಕಾಲನ್ನೂ ತೆಗೆದಿರಲಿಲ್ಲವೇನೋ. ಹೋಗಲಿದ್ದ ಕಾಲುಗಳನ್ನೆಲ್ಲ ನಾವೇ ಅದರ ಪಾಲಿಗೆ ಹಾಕಿದ್ದೆವು. ಆ ಅಂಕಿಯನ್ನು ನಂಬಿ, ಕಾಲು ಉಳಿಸಬಹುದಾದ ಒಂದು ಚಿಕಿತ್ಸೆಯನ್ನು ಮಣ್ಣು ಮಾಡಲು ಹೊರಟಿದ್ದೆವು.

ದೊಡ್ಡಮ್ಮನನ್ನು ಕ್ಲಿನಿಕ್ಕಿನಲ್ಲಿ ಕೂರಿಸಿದೆ. ನರ್ಸು ಗಾಯ ತೊಳೆದು ಕಟ್ಟುತ್ತಿದ್ದಂತೆ ನಾನು ರೂಮಿಗೆ ಓಡಿದೆ. ಆಗ ಗಾಯ ಅಳೆಯುತ್ತಿದ್ದದ್ದು ಹೀಗೆ: ತೊಳೆದ ಹಳೆಯ ಎಕ್ಸ್-ರೇ ಫಿಲ್ಮನ್ನು ಗಾಯದ ಮೇಲೆ ಹಿಡಿದು ಅಂಚನ್ನು ಪೆನ್ನಿನಲ್ಲಿ ಗೀಚಿ, ಆಮೇಲೆ ಗ್ರಾಫ್ ಹಾಳೆಯ ಮೇಲಿಟ್ಟು ಚೌಕ ಎಣಿಸುವುದು. ಪ್ರತಿ ಪೇಷಂಟಿನ ಮೊದಲ ದಿನದ ಗಾಯವನ್ನು ಅವರದೇ ಮುಂದಿನ ಗಾಯದ ಜೊತೆ ಹೋಲಿಸುತ್ತಿದ್ದೆವೇ ಹೊರತು, ಮಂಗಳವಾರದವರು ಬಂದಾಗಲೇ ಹೇಗಿದ್ದರು, ಗುರುವಾರದವರು ಹೇಗಿದ್ದರು ಎಂದು ಎದುರುಬದುರು ಇಟ್ಟು ನೋಡುವ ಅಭ್ಯಾಸವೇ ಇರಲಿಲ್ಲ. ಈಗ ಇಟ್ಟೆ. ಮಂಗಳವಾರದ ಗಾಯಗಳು ಅಂಗೈಯಷ್ಟು, ಗುರುವಾರದವು ಹುಣಸೆ ಬೀಜದಷ್ಟು.

ಆದರೂ ಒಂದು ಅನುಮಾನವಿತ್ತು. ಇದು ನಿಜವಾಗಿ ದೊಡ್ಡಮ್ಮನ ಮಂಗಳವಾರವೋ, ಅಥವಾ ಬೇರೇನೋ? ನಮ್ಮಲ್ಲಿಗೆ ಶಿವಾಜಿನಗರದ ಮುಸ್ಲಿಂ ಮನೆಗಳಿಂದಲೂ ಪೇಷಂಟುಗಳು ಬರುತ್ತಿದ್ದರು. ಅವರಿಗೆ ಮಂಗಳವಾರದ ಭಯವಿಲ್ಲ. ಅವರನ್ನು ಮಾತ್ರ ಬೇರೆ ತೆಗೆದು ನೋಡಿದೆ. ಅವರಲ್ಲಿ ಎರಡು ದಿನದ ಗಾಯಗಳೂ ಹೆಚ್ಚುಕಡಿಮೆ ಒಂದೇ ಅಳತೆ! ಏನೋ ಕಂಡುಹಿಡಿದೆ ಎಂಬ ಹೆಮ್ಮೆ ಬಂತು ಎಂದು ಭಾವಿಸಬೇಡಿ. ಬಂದದ್ದು ಭಯ. ಬರೀ ಒಂದು ಬಸ್ಸಿನ ಮಾತು. ಟ್ರಾಫಿಕ್ ಇಲ್ಲದಿದ್ದರೆ ಆ ಮಾತೇ ಬರುತ್ತಿರಲಿಲ್ಲ.

ಕಮಿಟಿಯ ಅಧ್ಯಕ್ಷರು ಪ್ರೊಫೆಸರ್ ದೇಸಾಯಿ, ಧಾರವಾಡದ ಕಡೆಯವರು. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದರು.

"ಏನ್ರೀ ಮಿಸ್, ಮ್ಯಾಚ್ ಸೋತ ಮ್ಯಾಲೆ ಅಂಪೈರ್ ಸರಿ ಇಲ್ಲ ಅಂತೀರೇನು?"

"ಗೆದ್ದಿದ್ರೂ ಹೇಳ್ಬೇಕಾಗಿತ್ತು ಸರ್. ಬೂಟು ಒಳ್ಳೇದು ಅಂತ ನಾನು ಹೇಳ್ತಿಲ್ಲ. ನಮಗೆ ಏನೂ ಗೊತ್ತಿಲ್ಲ ಅಂತ ಹೇಳ್ತಿದೀನಿ."

ಅವರು ಫಿಲ್ಮುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಶಿವಾಜಿನಗರದ ಮುಸ್ಲಿಂ ಮನೆಗಳವರದ್ದನ್ನು ಎರಡೆರಡು ಸಲ ನೋಡಿದರು. "ಹೌದಲ್ರೀ!" ಎಂದರು ಮೆಲ್ಲಗೆ. "ನಮ್ಮವ್ವನೂ ಮಂಗಳವಾರ ಗುಳಿಗಿ ಮುಟ್ಟಂಗಿಲ್ಲ."

ಹೊಸ ಟ್ರಯಲ್ ಶುರುವಾಯಿತು, ಈ ಸಲ ಚೀಟಿಯಿಂದ. ಯಾವ ದಿನ ಬಂದರೂ ಸರಿ, ಪೇಷಂಟ್ ಒಪ್ಪಿದ ಮೇಲೆ ಮೇಲಿನ ಮಹಡಿಯ ಫಾರ್ಮಸಿಗೆ ಫೋನ್ ಮಾಡಬೇಕು. ಅಲ್ಲಿಯವರು ಬೂಟೋ ಡ್ರೆಸ್ಸಿಂಗೋ ಎಂದು ಚೀಟಿ ಎತ್ತಿ ಹೇಳುತ್ತಾರೆ. ಕ್ಲಿನಿಕ್ಕಿನಲ್ಲಿ ಯಾರ ಕರುಣೆಯೂ ಯಾರ ಆತುರವೂ ಅದನ್ನು ಬದಲಿಸುವಂತಿಲ್ಲ. ಪ್ಲಾಸ್ಟರ್ ಕಟ್ಟುವವರನ್ನು ಎರಡೂ ದಿನ ಕರೆಸಿಕೊಂಡೆವು.

ಅಷ್ಟರಲ್ಲಿ ದೊಡ್ಡಮ್ಮನ ಗಾಯ ಮಾಯದೆ ಇನ್ನಷ್ಟು ಅಗಲವಾಗಿತ್ತು. ಡಾಕ್ಟರ್ ಸ್ಯಾಮ್ಯುಯೆಲ್ ನನ್ನನ್ನು ಪಕ್ಕಕ್ಕೆ ಕರೆದರು.

"ರೋಹಿಣಿಯಮ್ಮಾ, ನಿನ್ನ ದೊಡ್ಡಮ್ಮಂಗೆ ಟ್ರಯಲ್ ಬೇಡ. ಹೊರಗಡೆ ಇಟ್ಟು ಬೂಟು ಕಟ್ಟಿಬಿಡ್ತೀನಿ. ಯಾರೂ ಕೇಳಲ್ಲ."

ಯಾರೂ ಕೇಳುತ್ತಿರಲಿಲ್ಲ, ನಿಜ. ಬೂಟೇ ಮೇಲು ಎಂದು ಅವರ ಮನಸ್ಸು ಹೇಳುತ್ತಿತ್ತು. ನನ್ನದೂ ಅದನ್ನೇ ಹೇಳುತ್ತಿತ್ತು. ಆದರೆ ಪ್ರೂಫ್ ಎಲ್ಲಿ? ಕಾಲು ನನ್ನದಲ್ಲ. ದೊಡ್ಡಮ್ಮನ ಪಕ್ಕ ಬೆಂಚಿನಲ್ಲಿ ಕೂತು ಎಲ್ಲ ಹೇಳಿದೆ. ಟ್ರಯಲ್‌ಗೆ ಸೇರಬಹುದು, ಸೇರದೆಯೂ ಇರಬಹುದು, ಬೇಕೆಂದರೆ ಬೂಟೇ ಹಾಕಿಸಿಕೊಳ್ಳಬಹುದು ಎಂದೆ. ನಾನೇ ಆಗಿದ್ದರೆ ಬೂಟು ಕೇಳುತ್ತಿದ್ದೆ ಎಂದೂ ಹೇಳಿದೆ.

"ಚೀಟಿ ಯಾರು ಎತ್ತೋದು?"

"ಮೇಲ್ಗಡೆಯವರು. ನಾವು ಯಾರು ಅಂತ್ಲೂ ಅವರಿಗೆ ಗೊತ್ತಿರಲ್ಲ."

"ಗುಡೀಲಿ ಹೂ ಕೇಳ್ದಂಗೆ ಅನ್ನು."

"ಹಾಗಲ್ಲ ದೊಡ್ಡಮ್ಮ, ಅದು ಬರೀ ಚಾನ್ಸ್."

"ನಿನ್ಗೆ ಚಾನ್ಸು, ನನ್ಗೆ ಮುನೇಶ್ವರ. ಕೇಳ್ಸು. ಏನು ಬಂದ್ರೂ ತಿರುಗ್ಸಬೇಡ, ನೋಡು. ಕೇಳಿ ತಿರುಗ್ಸೋರ ಮನೆ ಉದ್ಧಾರ ಆಗಲ್ಲ."

ಫೋನ್ ಮಾಡಿದೆವು. ಡ್ರೆಸ್ಸಿಂಗ್ ಬಂತು.

ಡಾಕ್ಟರ್ ರಿಸೀವರ್ ಇಡದೆ ನನ್ನ ಮುಖವನ್ನೇ ನೋಡಿದರು. "ದೊಡ್ಡಮ್ಮ, ಇನ್ನೂ ಬೇಡ ಅನ್ಬಹುದು" ಎಂದೆ. ಅವಳು ಆಗಲೇ ಕಾಲು ನೀಡಿ ಕೂತಿದ್ದಳು.

ಡ್ರೆಸ್ಸಿಂಗ್ ಕೆಲಸ ಮಾಡಬೇಕಾದರೆ ಮಂಚ ಬಿಟ್ಟು ಇಳಿಯಬಾರದು. ಕೆಲಸಕ್ಕೆ ಹೋಗುವ ಮುನ್ನ ದಿನಾ ಗೋಗರೆಯುತ್ತಿದ್ದೆ. ಅಡುಗೆಗೆ ಒಬ್ಬಳನ್ನು ಇಟ್ಟೆ. ಅವಳ ಸಾರು ಸಾರೇ ಅಲ್ಲ ಎಂದು ದೊಡ್ಡಮ್ಮ ವಾರದೊಳಗೆ ಓಡಿಸಿದಳು. ಸಂಜೆ ಬಂದರೆ ಬಾಗಿಲಿಗೆ ಹೊಸ ರಂಗೋಲಿ, ಒಲೆಯ ಮೇಲೆ ಹುರುಳಿ ಸಾರು, ಮಂಚದ ಮೇಲೆ ಏನೂ ಅರಿಯದವಳಂತೆ ಅವಳು.

"ನಡೆದಾಡಿದ್ಯಾ?"

"ಅಡುಗೆಮನೆ ತಾನಾಗೇ ಎದ್ದು ನನ್ನ ಹತ್ರ ಬರುತ್ತೇನೇ?"

ಕಾಲು ಕಪ್ಪಾಯಿತು. ಡಾಕ್ಟರ್ ಸ್ಯಾಮ್ಯುಯೆಲ್ ತಾವೇ ಆಪರೇಷನ್ ಮಾಡಿದರು. ಹೊರಗೆ ಬಂದು ಮಾಸ್ಕನ್ನೂ ತೆಗೆಯದೆ ಕಾರಿಡಾರಿನ ಉದ್ದಕ್ಕೂ ನಡೆದು ಹೋದರು. ಮನೆಗೆ ಬಂದು ಅವಳ ಎರಡು ಚಪ್ಪಲಿಗಳನ್ನು ನೋಡಿದಾಗ ನನಗಾದ ಆಘಾತವನ್ನು ಬರೆಯಲು ನನಗೆ ಇಂಗ್ಲಿಷಿನಲ್ಲೂ ಮಾತಿಲ್ಲ, ಕನ್ನಡದಲ್ಲೂ ಇಲ್ಲ.

ಟ್ರಯಲ್ ಮುಗಿದು ಕೊನೆಯ ಲೆಕ್ಕಕ್ಕೆ ಕೂತಾಗ ಪ್ರೊಫೆಸರ್ ದೇಸಾಯಿ ಒಂದು ಪ್ರಶ್ನೆ ಎತ್ತಿದರು.

"ಡ್ರೆಸ್ಸಿಂಗ್‌ನವ್ರಾಗ ಭಾಳ ಮಂದಿ ಮಾತು ಕೇಳಿಲ್ಲ, ಅಡ್ಡಾಡ್ಯಾರ. ಅವ್ರು ಸರಿಯಾಗಿ ಡ್ರೆಸ್ಸಿಂಗ್ ತಗೊಂಡಂಗ ಆಗಲಿಲ್ಲಲ್ರೀ. ಅವ್ರನ್ನ ಲೆಕ್ಕದಿಂದ ತಗೀರಿ. ನಿಮ್ಮ ದೊಡ್ಡಮ್ಮನೂ ಅದರಾಗ ಇದ್ದಾರ. ನಿಮಗೂ ಹಗುರ ಆಗ್ತದ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದೇ ಇನ್ನೂ ಭಯಂಕರ. ತೆಗೆದೂ ನೋಡಿದೆ, ಸುಳ್ಳು ಹೇಳುವುದಿಲ್ಲ. ನಡೆದಾಡಿದವರನ್ನು ತೆಗೆದುಹಾಕಿದರೆ ಎರಡು ಚಿಕಿತ್ಸೆಗೂ ವ್ಯತ್ಯಾಸವೇ ಇಲ್ಲ. ಹಾಗಿದ್ದರೆ ಬೂಟು ಯಾಕೆ, ಡ್ರೆಸ್ಸಿಂಗೇ ಸಾಕು ಎಂದಾಗುತ್ತಿತ್ತು. ನಡೆದಾಡಿದವರ ಕಾಲುಗಳು ಹೋಗಿದ್ದರೂ, ಪೇಪರಿನ ಮೇಲೆ ಹೋಗಿಯೇ ಇರುತ್ತಿರಲಿಲ್ಲ.

"ಸರ್," ಎಂದೆ. "ಮಂಚದಿಂದ ಇಳಿಯದ ಹೆಂಗಸು ಯಾವ ಮನೆಯಲ್ಲಿದ್ದಾಳೆ? ನಡೆದಾಡಿದ್ದು ಅವಳ ತಪ್ಪು ಅಂತ ಹೊರಗೆ ಹಾಕಿದರೆ, ನಾವು ಅಳೆಯೋದು ಯಾರೂ ತಗೊಳ್ಳೋಕಾಗದ ಚಿಕಿತ್ಸೇನ. ಚೀಟಿ ಯಾವ ಕಡೆ ಕಳಿಸಿತೋ ಅದೇ ಕಡೆ ಎಣಿಸೋದು. ನಡೆದಾಡಲಿ, ಬಿಡಲಿ. ಒಬ್ಬರನ್ನೂ ತೆಗಿಯಲ್ಲ."

ಅವರು ಹಾಳೆಗಳನ್ನು ನನ್ನ ಕಡೆ ಸರಿಸಿ, "ಎಣಿಸ್ರಿ" ಎಂದರು.

ಎಣಿಸಿದೆ. ಬೂಟಿನವರಲ್ಲಿ ಉಳಿದ ಕಾಲುಗಳು ಸ್ಪಷ್ಟವಾಗಿ ಹೆಚ್ಚಾಗಿದ್ದವು. ನಮ್ಮ ಆಸ್ಪತ್ರೆಯಲ್ಲಿ ಆಮೇಲೆ ಮಂಗಳವಾರ, ಗುರುವಾರ ಎಂದಿಲ್ಲ, ಬಂದವರಿಗೆಲ್ಲ ಬೂಟು ಕಟ್ಟಿದರು.

ಆ ಸಂಜೆ ಮನೆಗೆ ಬಂದಾಗ ದೊಡ್ಡಮ್ಮ ಜಗಲಿಯ ಮೇಲೆ ಊರುಗೋಲು ಪಕ್ಕಕ್ಕಿಟ್ಟು ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಮುಖ ನೋಡಿಯೇ ಕೇಳಿದಳು.

"ಯಾವ್ದು ಗೆಲ್ತೇ?"

"ಬೂಟು."

"ಹೂಂ." ಒಂದು ಕಾಯಿ ಸುಲಿದು, ಕಾಳು ಬಟ್ಟಲಿಗೆ ಹಾಕಿದಳು. ಇನ್ನೊಂದು ಸುಲಿದಳು. ಒಳಗೆ ಹೋಗುವ ಧೈರ್ಯವಿಲ್ಲದೆ ನಾನು ಜಗಲಿಯ ಅಂಚಿನಲ್ಲಿ ಕೂತೆ.

"ನನ್ನ ಕಾಲು? ಅದನ್ನ ಎಣಿಸ್ದ್ಯಾ?"

"ಎಣಿಸ್ದೆ ದೊಡ್ಡಮ್ಮ."

"ಯಾವ ಕಡೆ?"

"ಡ್ರೆಸ್ಸಿಂಗ್ ಕಡೆ. ಹೋದ ಕಾಲು ಅಂತ. ತೆಗೆದ್ಬಿಡಿ ಅಂದ್ರು, ನಾನು ತೆಗೀಲಿಲ್ಲ."

ಅವಳು ತಲೆಯೆತ್ತಿ ನೋಡಿದಳು. ಆಮೇಲೆ ಅರ್ಧ ಕಾಯಿಗಳನ್ನು ನನ್ನ ಮಡಿಲಿಗೆ ಸುರಿದಳು, ಸುಲಿ ಎಂಬಂತೆ.

"ತೆಗ್ದಿದ್ರೆ ನೋಡು," ಎಂದಳು, "ಉಳ್ದಿರೋ ಕಾಲಲ್ಲಿ ಒದೀತಿದ್ದೆ ನಿನ್ನ."